ಹುಚ್ಚೀರಪ್ಪನ ನಿದ್ದೆ

ಬೆಟಗೇರಿಯ ಎಣ್ಣೆ ಮಿಲ್ಲಿನ ಮುಂದೆ ಹತ್ತಿಕಾಳಿನ ಲಾರಿಗಳು ರಸ್ತೆಯ ತಿರುವಿನವರೆಗೂ ಸಾಲುಗಟ್ಟಿದ್ದವು. ಲಕ್ಷ್ಮೇಶ್ವರದ ಡ್ರೈವರ್ ಅಲ್ಲಾಉದ್ದೀನ ಮುಂಜಾನೆಯೇ ಬಂದಿದ್ದ. ಹೊತ್ತು ನೆತ್ತಿಗೇರಿದರೂ ಅವನ ಲಾರಿ ಇನ್ನೂ ಗೇಟಿನ ಹೊರಗೇ ಇತ್ತು. ಒಳಗೆ ಚೀಲ ಇಳಿಸುವ ಹಮಾಲರು ಕಡಿಮೆ. ಒಂದು ಲಾರಿ ಖಾಲಿಯಾದಾಗ ಹಿಂದಿನವು ಒಂದಿಷ್ಟು ಮುಂದೆ ಸರಿಯಬೇಕು. ತಡಮಾಡಿದರೆ ಪಕ್ಕದಿಂದ ಇನ್ನೊಬ್ಬ ನುಗ್ಗುತ್ತಾನೆ. ಹೀಗಾಗಿ ಯಾರೂ ಕಣ್ಣು ಮುಚ್ಚುವಂತಿರಲಿಲ್ಲ.

ಅವನ ಮುಂದಿನ ಲಾರಿಯ ಡ್ರೈವರ್ ಕುರ್ತಕೋಟಿಯ ಹುಚ್ಚೀರಪ್ಪ. ಇಂಥ ಸಾಲುಗಳಲ್ಲೇ ಇಬ್ಬರಿಗೂ ಸ್ನೇಹ ಬೆಳೆದಿತ್ತು. ಈಗ ಎದುರಿನ ಜಾಗ ಖಾಲಿಯಾದರೂ ಹುಚ್ಚೀರಪ್ಪನ ಲಾರಿ ಮಿಸುಕಲಿಲ್ಲ. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಅಲ್ಲಾಉದ್ದೀನ ಇಳಿದು ಹೋಗಿ ಆ ಲಾರಿಯ ಕ್ಯಾಬಿನ್ನು ಹತ್ತಿ ನೋಡಿದ. ಹುಚ್ಚೀರಪ್ಪ ಸ್ಟೇರಿಂಗಿನ ಮೇಲೆ ಬಿದ್ದಿದ್ದ, ಬಾಯಿ ತೆರೆದಿತ್ತು.

"ಅಣ್ಣಾ! ಏಳೋ ಅಣ್ಣಾ!" ಎಂದು ಅಲ್ಲಾಉದ್ದೀನ ಅವನ ಭುಜ ಅಲುಗಿಸಿದ.

ಹುಚ್ಚೀರಪ್ಪ ಬೆಚ್ಚಿ ಎದ್ದ. ಕಣ್ಣು ಸರಿಯಾಗಿ ಬಿಡುವ ಮೊದಲೇ ಅವನ ಕೈ ಚಾವಿ ತಿರುವಿತ್ತು. ಗೇರಿನಲ್ಲೇ ಇದ್ದ ಲಾರಿ ಜಗ್ಗಿ ಮುಂದೆ ಹಾರಿತು. ಬಂಪರಿನ ಕಡೆಯಿಂದ ಹೆಂಗಸೊಬ್ಬಳು ಚೀರಿದ್ದು ಕೇಳಿ ಅಲ್ಲಾಉದ್ದೀನ ಅವನ ಮೇಲಿಂದ ಬಾಗಿ ಇಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆದ.

ಕೆಳಗೆ ಅನ್ನಪೂರ್ಣವ್ವ ಧೂಳಿನಲ್ಲಿ ಕುಳಿತಿದ್ದಳು. ರಸ್ತೆಗೆ ಚೆಲ್ಲಿದ ಕಾಳು ಉಡುಗಿ ಮಿಲ್ಲಿಗೆ ಒಯ್ಯುವುದು ಅವಳ ಕೆಲಸ. ಹಿಂದಕ್ಕೆ ಬಿದ್ದು ಮೊಣಕೈ ತರಚಿತ್ತು, ಅಷ್ಟೇ.

ಮಿಲ್ಲಿನ ಸುಪರ್‌ವೈಸರ್ ಅಂದಪ್ಪ ಓಡಿಬಂದ. "ಕುಡದ ಬಂದೀಯೇನಲೇ?"

"ಕುಡದಿಲ್ರಿ." ಹುಚ್ಚೀರಪ್ಪ ಇಳಿದವನೇ ಅನ್ನಪೂರ್ಣವ್ವನ ಮುಂದೆ ಕುಕ್ಕರಿಸಿದ. "ತಪ್ಪಾತು ಯವ್ವಾ. ನಿನ್ನಿ ರಾಯಚೂರಾಗ ಮಾಲು ತುಂಬಾಕ ದಿನಾ ಪೂರ್ತಿ ಕಾದೆ. ರಾತ್ರಿಯೆಲ್ಲಾ ಗಾಡಿ ಹೊಡದೆ. ಇಲ್ಲಿ ಬಂದ್ರ ಮತ್ತ ಪಾಳಿ."

"ದಿನಕ್ಕ ಎಂಟ ತಾಸಿನ ಮ್ಯಾಲೆ ಹೊಡಿಬಾರ್ದಂತ ಕಾಯ್ದೆ ಐತಿ. ಗೊತ್ತಿಲ್ಲೇನು?" ಎಂದ ಅಂದಪ್ಪ.

"ಗೊತ್ತೈತ್ರಿ," ಎಂದ ಅಲ್ಲಾಉದ್ದೀನ. "ಆದ್ರ ಗಾಲಿ ತಿರುಗಿದ್ದಷ್ಟ ದುಡಿಮಿ ಅಂತಾರ ನಮ್ಮ ಮಾಲಕರು. ನಿಮ್ಮ ಗೇಟಿನ ಮುಂದ ಕುಂತಿದ್ದು ಅವರಿಗೆ ವಿಶ್ರಾಂತಿ. ನೀವರ ಇಲ್ಲಿ ನಿದ್ದಿ ಮಾಡಾಕ ಎಲ್ಲಿ ಬಿಡತೀರಿ?"

ಅಷ್ಟರಲ್ಲಿ ಹುಚ್ಚೀರಪ್ಪನ ಮೊಬೈಲು ಬಡಿದುಕೊಂಡಿತು. ಲಾರಿಯ ಮಾಲಕ.

"ಇಳಿಸಿದ ಕೂಡ್ಲೇ ಮುಂಡರಗಿಗೆ ಹೋಗು. ಮೆಕ್ಕಿಜ್ವಾಳ ತುಂಬಿಕೊಂಡು ಕೊಲ್ಲಾಪುರದ ಹಾದಿ ಹಿಡಿ. ಜಲ್ದಿ!" ಆ ದನಿ ಸುತ್ತ ನಿಂತವರಿಗೆಲ್ಲ ಕೇಳಿತು.

ಹುಚ್ಚೀರಪ್ಪ 'ಆತ್ರಿ' ಎನ್ನಲು ಬಾಯಿ ತೆರೆಯುವುದರೊಳಗೆ ಅನ್ನಪೂರ್ಣವ್ವ ಮೊಬೈಲು ಕಸಿದುಕೊಂಡಳು.

"ಯಪ್ಪಾ, ನಾ ಮಿಲ್ಲಿನ ಕಾಳು ಉಡಗಾಕಿ. ಈಗಷ್ಟ ನಿನ್ನ ಗಾಡಿ ಕೆಳಗ ಸಾಯೂದು ತಪ್ಪೇತಿ ನನಗ. ಇವಂಗ ಕಣ್ಣ ತೆರಿಯಾಕ ಆಗವಲ್ದು. ಮಲಗಾಕ ಬಿಡ್ತೀಯೋ, ಇಲ್ಲಾ ನಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕುಂಡ್ರಲೋ?"

"ಬ್ಯಾರೆ ಡ್ರೈವರನ್ನ ಕಳಸ್ತೀನಿ. ಅವಂಗ ಮನಿಗೆ ಹೋಗಂತ ಹೇಳಬೇ," ಎಂದು ಮಾಲಕ ಬಿರುಸಾಗಿ ಹೇಳಿ ಫೋನು ಇಟ್ಟ.

ಹುಚ್ಚೀರಪ್ಪನ ಮುಖ ಇಳಿದುಹೋಯಿತು. "ನಾಳೆ ಕರೀತಾನೋ ಇಲ್ಲೋ."

"ಕರೀಲಿಲ್ಲಂದ್ರ ನಮ್ಮ ಮಾಲಕರನ್ನ ಕೇಳೂಣು," ಎಂದ ಅಲ್ಲಾಉದ್ದೀನ. "ಚಾವಿ ನನ್ನ ಕಡೆ ಇರ್ಲಿ. ಎರಡೂ ಗಾಡಿ ನಾ ಸರಸ್ತೀನಿ. ನೀ ಹೋಗಿ ಮಲಕೊ."

ಅಂದಪ್ಪನಿಗೆ ಏನನ್ನಿಸಿತೋ, ತೂಕದ ಕಾಟಾದ ಹಿಂದಿನ ಕೋಣೆಯ ಬಾಗಿಲು ತೆರೆದು ಫ್ಯಾನು ಹಾಕಿದ. ಹುಚ್ಚೀರಪ್ಪ ಖಾಲಿ ಚೀಲಗಳ ಮೇಲೆ ಬಿದ್ದವನೇ ಗೊರಕೆ ಹೊಡೆಯತೊಡಗಿದ. ಅಲ್ಲಾಉದ್ದೀನ ಅವನ ಲಾರಿ ಸರಿಸಿ, ಇಳಿದು ಓಡಿಬಂದು ತನ್ನದನ್ನು ಸರಿಸುತ್ತಿದ್ದ. ನಡುವೆ ಯಾರೂ ನುಗ್ಗದಂತೆ ಅಂದಪ್ಪ ತಾನೇ ಬಿಸಿಲಲ್ಲಿ ನಿಂತ.

ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಲಾರಿ ಖಾಲಿಯಾದವು. ಬೇರೆ ಡ್ರೈವರ್ ಬಂದು ಹುಚ್ಚೀರಪ್ಪನ ಲಾರಿ ಒಯ್ದ. ಹುಚ್ಚೀರಪ್ಪ ಮುಖ ತೊಳೆದು ಅನ್ನಪೂರ್ಣವ್ವನಿಗೆ ಕೈಮುಗಿದ. "ಮನಿಗೆ ಹೋಗಿ ಬಿಸಿ ರೊಟ್ಟಿ ಉಣ್ಣೋ ಮೊದಲ," ಎಂದಳಾಕೆ. ಅವನು ಕುರ್ತಕೋಟಿಯ ಬಸ್ಸು ಹಿಡಿಯಲು ಹೊರಟ.

ಅಲ್ಲಾಉದ್ದೀನನ ಹೆಂಡತಿ ಗೌಸಬಿ ಫೋನು ಮಾಡಿದಳು. "ಹೊಂಟ್ರೇನ್ರಿ?"

ಹೊರಡುವ ಮನಸ್ಸೇನೋ ಇತ್ತು. ಲಕ್ಷ್ಮೇಶ್ವರ ದೂರವೂ ಅಲ್ಲ. ಆದರೆ ಬೆಳಗಿನಿಂದ ಕಾದ ಅವನ ಕಣ್ಣುಗಳೂ ಉರಿಯುತ್ತಿದ್ದವು.

"ಇಲ್ಲ, ಒಂದೀಟು ಮಲಗಿ ಬರ್ತೀನಿ," ಎಂದು ಅವನು ಕಾಟಾದ ಹಿಂದಿನ ಕೋಣೆಯ ಕಡೆ ನಡೆದ.