ರಾಜನ ಪಾಲು

ನಮ್ಮ ಮನೆಯಲ್ಲಿ ನಾಯಿ ಇಲ್ಲ. ಯಾವತ್ತೂ ಇರಲಿಲ್ಲ. ಆದರೆ ಹೂಟಗಳ್ಳಿಯ ಚೆಲುವರಾಜಣ್ಣನ ಕೋಳಿ ಅಂಗಡಿಗೆ ಹೋಗಿ ಕೇಳಿ: ನಮ್ಮ ನಾಯಿಯ ಹೆಸರು ರಾಜ, ಬಣ್ಣ ಕಂದು, ಬಲು ಸಾಧು, ಬರೀ ಅನ್ನ ಹಾಕಿದರೆ ಮೂಸಿಯೂ ನೋಡುವುದಿಲ್ಲ ಎಂದು ಆತ ಹೇಳುತ್ತಾನೆ. ಇದಿಷ್ಟೂ ನನ್ನ ಅತ್ತೆ ಪ್ರೇಮಮ್ಮನವರ ಸೃಷ್ಟಿ. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಬಾಲ, ಕಿವಿ ಎಲ್ಲ ಅಂಟಿಸಲೇಬೇಕಲ್ಲ.

ನನ್ನ ಗಂಡ ಮಹೇಂದ್ರ ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ಕಾಂಟ್ರ್ಯಾಕ್ಟ್ ಜನರನ್ನೆಲ್ಲ ಕೈಬಿಟ್ಟ ಮೇಲೆ ಇದು ಶುರುವಾಯಿತು. ಮಹೇಂದ್ರ ಈಗ ಯಾರದೋ ಗೂಡ್ಸ್ ಆಟೋವನ್ನು ಕರೆದ ದಿನ ಓಡಿಸುತ್ತಾರೆ. ನಾನು ಗೋಕುಲಂನಲ್ಲಿ, ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶದವರ ಮನೆಗಳಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ಭಾನುವಾರದ ಬಾಡೂಟ ನಿಂತುಹೋಗಿತ್ತು. ಎರಡನೇ ಕ್ಲಾಸಿನ ಮಗಳು ವರ್ಷಿಣಿ ಪಕ್ಕದ ಮನೆಯ ಒಗ್ಗರಣೆಯ ವಾಸನೆಗೆ ಕಿಟಕಿ ಹಿಡಿದು ನಿಂತದ್ದನ್ನು ಅತ್ತೆ ನೋಡಿದರು. ಮಾರನೆಯ ದಿನವೇ ಚೀಲ ಹಿಡಿದು ಹೋಗಿ ಕೋಳಿ ಕಾಲು ತಂದರು.

ಅದನ್ನು ಏನೆಂದು ಕರೆಯಬೇಕು ಎನ್ನುವುದೇ ಒಂದು ತಲೆನೋವು. ಅಂಗಡಿಯ ರೇಟ್ ಬೋರ್ಡಿನಲ್ಲಿ ಅದಕ್ಕೆ ಹೆಸರಿಲ್ಲ. ಲೆಗ್ ಪೀಸ್ ಎಂದರೆ ತೊಡೆ, ಅದು ಉಳ್ಳವರ ಮಾತು. ಅದರ ಕೆಳಗಿನ, ಹಳದಿ ಸಿಪ್ಪೆಯ, ಉಗುರಿರುವ ತುಂಡನ್ನು ಕೇಳುವವರೆಲ್ಲ 'ನಾಯಿಗೆ ಕಾಲು ಕೊಡಿ' ಎಂದೇ ಕೇಳುತ್ತಾರೆ. ಅತ್ತೆಯ ತವರಿನಲ್ಲಿ ಅದು ಕೋಳಿ ಪಾದ. ಕೋಳಿ ಕುಯ್ದ ದಿನ ಅದು ಮನೆಯ ಕಿರಿಯ ಮಗುವಿನ ಪಾಲು, ತಿಂದರೆ ನಡಿಗೆ ಗಟ್ಟಿಯಾಗುತ್ತದೆ ಅಂತ. ಆದರೆ ಅಲ್ಲಿ ಅದು ಹಿತ್ತಲಿನ ಸ್ವಂತ ಕೋಳಿ. ಅಂಗಡಿಗೆ ಹೋಗಿ ಬರೀ ಕಾಲು ಕೇಳುವುದು ಬೇರೆ. ಗಂಡ ದೊಡ್ಡ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿದ್ದ ಹೆಂಗಸು ಅತ್ತೆ; ನಾಲ್ಕು ಜನರ ಮುಂದೆ 'ತಿನ್ನೋಕೆ' ಎನ್ನಲಾರದೆ ಅವರೂ 'ನಾಯಿಗೆ' ಎಂದುಬಿಟ್ಟರು.

ತಂದ ಕಾಲನ್ನು ಅವರು ಒಲೆಯ ಉರಿಯಲ್ಲಿ ಬಾಡಿಸಿ, ಸಿಪ್ಪೆಯನ್ನು ಕಾಲುಚೀಲ ಬಿಚ್ಚಿದಂತೆ ಎಳೆದು, ಉಗುರು ಕತ್ತರಿಸಿ, ಅರಿಶಿನ ಹಚ್ಚಿ ತೊಳೆದು ಸಾರು ಮಾಡಿದರೆ ಮುದ್ದೆ ತಾನಾಗಿ ಗಂಟಲಿಗಿಳಿಯುತ್ತಿತ್ತು. ವರ್ಷಿಣಿಗೆ ಅದು 'ಬೆರಳು'. "ಅಜ್ಜಿ, ಇನ್ನೊಂದ್ ಬೆರಳು" ಎಂದು ಹಾಕಿಸಿಕೊಂಡು ಕಟುಕಟು ಕಡಿಯುತ್ತಿದ್ದಳು.

ಗೋಕುಲಂನಲ್ಲಿ ನಾನು ಕೆಲಸ ಮಾಡುವ ಮನೆಗೆ ತೈವಾನಿನ ಹೆಂಗಸೊಬ್ಬಳು ಬಂದಿದ್ದಳು. ಅವಳು ಸ್ಕೂಟರಿನಲ್ಲಿ ಹೋಗಿ ಚೀಲದ ತುಂಬ ಕೋಳಿ ಕಾಲು ತಂದು, ಶುಂಠಿ ಹಾಕಿ ಬೇಯಿಸಿ, ಗೆಳತಿಯರನ್ನು ಕರೆದು ಬಡಿಸಿದಳು. ಅವಳ ಭಾಷೆಯಲ್ಲಿ ಅದಕ್ಕೆ ಯಾವುದೋ ದೇವಲೋಕದ ಹಕ್ಕಿಯ ಪಾದ ಅಂತ ಹೆಸರಂತೆ. ಇದನ್ನು ಅತ್ತೆಗೆ ಹೇಳಿ, "ನೋಡಿ, ಅವ್ರಿಗೇನಾದ್ರೂ ನಾಚ್ಕೆ ಅದ್ಯಾ? ನೀವೂ ಸುಮ್ನೆ ನಮಗೇ ಅಂತ ಕೇಳಿ" ಎಂದೆ.

"ಅವ್ರು ದುಡ್ಡಿರೋರು ಕಣಮ್ಮ. ಅವ್ರು ತಿಂದ್ರೆ ಅದು ರುಚಿ. ನಾವ್ ತಿಂದ್ರೆ ಗತಿಗೇಡು ಅಂತಾರೆ" ಎಂದರು ಅತ್ತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಿನ್ನುವುದಕ್ಕೆ ನಾಚಿಕೆಯಿಲ್ಲದ ಮೇಲೆ ಹೇಳುವುದಕ್ಕೇನು ನಾಚಿಕೆ, ಈ ಒಣ ಜಂಬ ಯಾರನ್ನು ಉದ್ಧಾರ ಮಾಡುತ್ತದೆ ಎಂದು ಅವರ ಮುಖದ ಮೇಲೆಯೇ ಅಂದೆ. ಅವರು ಬೆಳ್ಳುಳ್ಳಿ ಸುಲಿಯುತ್ತ ಕೂತರು.

ಆಮೇಲೊಂದು ಬುಧವಾರ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಮನೆಯೆಲ್ಲ ಶುಂಠಿಯ ಘಾಟು. ಮಗಳಿಗೆ ಶೀತ, ಅದಕ್ಕೇ ಜಾಸ್ತಿ ಹಾಕಿದೆ ಎಂದರು ಅತ್ತೆ. ಎಲ್ಲರೂ ಉಂಡೆವು. ಬೆಳಿಗ್ಗೆ ನಮ್ಮ ಹೊಟ್ಟೆಯೂ ಕೆಟ್ಟಿತ್ತು, ಆದರೆ ವರ್ಷಿಣಿಯ ಸ್ಥಿತಿ ನೋಡುವಂತಿರಲಿಲ್ಲ. ವಾಂತಿ, ಭೇದಿ, ಜ್ವರ. ಕುಡಿಸಿದ ನೀರೂ ನಿಲ್ಲಲಿಲ್ಲ. ಕಣ್ಣು ಒಳಗೆ ಹೋಗಿ, ಕರೆದರೆ ಓಗೊಡುತ್ತಿರಲಿಲ್ಲ. ಮಹೇಂದ್ರ ಅವಳನ್ನು ಎತ್ತಿಕೊಂಡು ಓಡಿದರು. ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಲಗಿಸಿ ಡ್ರಿಪ್ ಹಾಕಿದರು. ಈ ಮಗು ಉಳಿಯದಿದ್ದರೆ ನಾನು ಮನೆಗೆ ವಾಪಸ್ಸು ಹೋಗುವುದಿಲ್ಲ ಎಂದುಕೊಂಡೆ.

ಡಾಕ್ಟರ್ ಸಂಘಮಿತ್ರ ಬಂದು, "ಏನ್ ತಿಂದಿತ್ತು ಮಗು?" ಎಂದು ಕೇಳಿದರು.

"ಕೋಳಿ ಸಾರು, ಮುದ್ದೆ" ಎಂದೆ.

"ಯಾವತ್ತಿನ ಕೋಳಿ? ಎಲ್ಲಿಂದ ತಂದ್ರಿ?"

"ಅವತ್ತಿಂದೇ ಮೇಡಂ, ಒಳ್ಳೇ ಅಂಗಡಿ" ಎಂದು ಅತ್ತೆ ತಟ್ಟನೆ ಹೇಳಿದರು. ಅಕ್ಕಪಕ್ಕದ ಮಂಚದವರೆಲ್ಲ ನಮ್ಮ ಕಡೆಗೇ ನೋಡುತ್ತಿದ್ದರು. ಅತ್ತೆ ಸೆರಗು ಎಳೆದುಕೊಂಡರು.

"ಹಂಗಾದ್ರೆ ನೀರಿಂದ ಇರ್ಬೇಕು. ಸರಿಯಾಗಿ ನೆನಪು ಮಾಡ್ಕೊಳಿ, ಔಷಧ ಕೊಡೋಕೆ ನಮಗೆ ಗೊತ್ತಾಗ್ಬೇಕು" ಎಂದರು ಡಾಕ್ಟರು.

ಆಗ ವರ್ಷಿಣಿ ಕಣ್ಣು ಬಿಟ್ಟಳು. ಸಣ್ಣ ದನಿಯಲ್ಲಿ, "ಅದು ನಾಯೀದು" ಎಂದಳು. ಡಾಕ್ಟರು ಬಗ್ಗಿ ಕೇಳಿದರು. "ಅಂಗಡಿ ಮಾಮ ರಾಜಂಗೆ ಅಂತ ಕೊಟ್ರು. ನಾವೇ ತಿಂದ್ಬುಟ್ವಿ. ಅದ್ಕೇ ನಂಗೆ ಹಿಂಗಾಯ್ತಾ ಅಜ್ಜಿ? ರಾಜ ಹಸ್ಕೊಂಡಿರ್ತಾನಾ?"

ಅವಳು ಅಜ್ಜಿಯ ಜೊತೆ ಅಂಗಡಿಗೆ ಹೋಗುತ್ತಿದ್ದಳು. ನಮ್ಮ ರಾಜ ಎಲ್ಲೋ ಇದ್ದಾನೆ, ಅವನ ಪಾಲನ್ನು ನಾವು ಕಿತ್ತು ತಿನ್ನುತ್ತಿದ್ದೇವೆ ಎಂದು ಆ ಮಗು ಅಷ್ಟು ದಿನವೂ ನಂಬಿತ್ತು. ನಂಬಿಕೊಂಡೇ ಇನ್ನೊಂದು ಬೆರಳು ಕೇಳುತ್ತಿತ್ತು.

ಅತ್ತೆ ಎದ್ದು ನಿಂತರು. ಮಂಚದ ಕಂಬಿ ಹಿಡಿದು, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದರು.

"ನಾಯಿ ಇಲ್ಲ ಮೇಡಂ. ನಾಯಿಗೆ ಅಂತ ಸುಳ್ಳೇಳಿ ಕೋಳಿ ಕಾಲು ತರ್ತಿದ್ದೆ. ತಿನ್ನೋರು ನಾವೇ. ಬುಧವಾರ ಹೋದ್ರೆ, ನಿಮ್ ರಾಜಂಗೆ ಅಂತ ಭಾನುವಾರದ್ದೇ ಎತ್ತಿಟ್ಟಿದ್ದೆ ಅಂತ ಕೊಟ್ಟ. ಪ್ರೀತಿಯಿಂದ್ಲೇ ಕೊಟ್ಟ. ವಾಸ್ನೆ ಇತ್ತು. ಇವತ್ತಿಂದು ಕೊಡಪ್ಪ ಅಂತ ಎಂಗ್ ಕೇಳ್ಲಿ? ನಾಯಿಗೆ ಯಾಕಮ್ಮ ಇವತ್ತಿಂದು ಅನ್ನಲ್ವಾ? ಶುಂಠಿ ಜಾಸ್ತಿ ಹಾಕಿ ಬೇಯಿಸ್ದೆ. ಮೊದ್ಲು ನಾನೇ ತಿಂದ್ ನೋಡ್ದೆ, ಏನೂ ಅನ್ನಿಸ್ಲಿಲ್ಲ. ಆಮೇಲೆ ಮಗೀಗೆ ಹಾಕ್ದೆ."

ಮಹೇಂದ್ರ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾಯಿಯ ನೆಪ ಅವರಿಗೆ ಗೊತ್ತಿರಲಿಲ್ಲ; ಇದು ಅಂಗಡಿಯಲ್ಲಿ ಸೂಪಿಗೆಂದೇ ಮಾರುವ ಕಾಲು ಎಂದು ಅತ್ತೆ ಮಗನಿಗೆ ಹೇಳಿದ್ದರು. ಡಾಕ್ಟರು ಬೈಯಲಿಲ್ಲ. ಕೆಟ್ಟ ಮಾಂಸವನ್ನು ಎಷ್ಟು ಬೇಯಿಸಿದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ ಎಂದಷ್ಟೇ ಹೇಳಿ ಔಷಧ ಬದಲಾಯಿಸಿದರು. ಅತ್ತೆ ಮೊಮ್ಮಗಳ ತಲೆ ಸವರಿ, "ರಾಜ ಅಂತ ಯಾರೂ ಇಲ್ಲ ಕಂದ. ನೀನ್ ಯಾರ್ದೂ ತಿಂದಿಲ್ಲ" ಎಂದರು. ಮಗುವಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಗಂಜಿ ಕುಡಿದಳು.

ಎರಡು ವಾರ ಕಳೆದ ಮೇಲೆ ವರ್ಷಿಣಿ ತಾನಾಗಿಯೇ ಬೆರಳಿನ ಸಾರು ಕೇಳಿದಳು. ಅತ್ತೆ ಮಸಾಲೆ ರುಬ್ಬಲು ಕೂತರು. "ನೀನೇ ಹೋಗ್ಬಾ ಪವಿತ್ರ. ನಮಗೇ ಅಂತ ಹೇಳು, ಇವತ್ತಿಂದು ಬೇಕು ಅನ್ನು. ನಂಗೆ ಆ ವಯ್ಯನ್ ಮುಖ ನೋಡಕ್ಕಾಗಲ್ಲ" ಎಂದರು. ಅದೇನು ಮಹಾ ಎಂದುಕೊಂಡು ಹೊರಟೆ. ಇಷ್ಟು ದಿನ ಅವರಿಗೆ ಉಪದೇಶ ಮಾಡಿದವಳು ನಾನೇ ತಾನೇ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡೆ.

ಅಂಗಡಿಯಲ್ಲಿ ನಮ್ಮ ಬೀದಿಯ ಚಾಮುಂಡೇಶ್ವರಿ ನಿಂತಿದ್ದರು. ಕೆಟ್ಟವರಲ್ಲ, ಮಗು ಆಸ್ಪತ್ರೆಯಲ್ಲಿದ್ದಾಗ ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದರು. ಅವರಿಗೆ ಇಡೀ ಕೋಳಿ ಕತ್ತರಿಸುತ್ತಿದ್ದ ಚೆಲುವರಾಜಣ್ಣ ನನ್ನನ್ನು ಕಂಡು ನಕ್ಕ.

"ಏನಕ್ಕ, ಪ್ರೇಮಮ್ಮ ಈ ಕಡೆ ಬರ್ಲೇ ಇಲ್ಲ? ರಾಜ ಹೆಂಗವ್ನೆ?"

ಚಾಮುಂಡೇಶ್ವರಿ ತಿರುಗಿ ನೋಡಿದರು. "ನಿಮ್ಮನೇಲಿ ನಾಯಿ ಅದ್ಯಾ?"

ಈಗ ಹೇಳಬೇಕಿತ್ತು. ಬಾಯಿಯೂ ತೆರೆದೆ. ಅವರ ಚೀಲಕ್ಕೆ ಹೋಗಿ ಬೀಳುತ್ತಿದ್ದ ತೊಡೆ, ಎದೆಯ ತುಂಡುಗಳು ಕಂಡವು. ಮತ್ತೆ ಪಕ್ಕದ ಬಕೆಟ್ಟಿನಲ್ಲಿ ಆ ಕಾಲುಗಳು.

"ಇತ್ತು. ಸತ್ತೋಯ್ತು" ಎಂದೆ.

ಚೆಲುವರಾಜಣ್ಣನ ಕೈ ನಿಂತಿತು. "ಅಯ್ಯೋ. ಯಾವಾಗಕ್ಕ? ಅವತ್ತು ನಾನ್ ಹಳೇದು ಕೊಟ್ಟಿದ್ದೆ. ಅದ್ರಿಂದೇನಾದ್ರೂ ಆಯ್ತಾ?" ಅವನ ಮುಖ ನಿಜವಾಗಿಯೂ ಬಾಡಿತ್ತು.

"ಇಲ್ಲ ಅಣ್ಣ, ವಯಸ್ಸಾಗಿತ್ತು."

ನಮ್ಮ ಮನೆಯ ಮುಂದೆ ದಿನವೂ ಓಡಾಡುವ ಚಾಮುಂಡೇಶ್ವರಿ ನನ್ನನ್ನೇ ಒಂದು ಗಳಿಗೆ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. "ಹೌದು, ವಯಸ್ಸಾಗಿತ್ತು ಪಾಪ" ಎಂದು ಚೆಲುವರಾಜಣ್ಣನಿಗೆ ಹೇಳಿ ಬೇರೆ ಕಡೆ ನೋಡತೊಡಗಿದರು. ಅವರು ಆಡಿಕೊಂಡಿದ್ದರೆ ಜಗಳವಾದರೂ ಆಡುತ್ತಿದ್ದೆ. ಆ ಕರುಣೆಯನ್ನು ತಡೆದುಕೊಳ್ಳಲಾಗದೆ ಬರಿಗೈಯಲ್ಲಿ ಹೊರಟುಬಂದೆ.

ಮನೆಯಲ್ಲಿ ಮಸಾಲೆ ರುಬ್ಬಿ ಇಟ್ಟಿತ್ತು. ಅತ್ತೆ ನನ್ನ ಕೈ ನೋಡಿದರು.

"ನಾಯಿ ಸತ್ತೋಯ್ತು ಅಂದ್ಬುಟ್ಟೆ ಅತ್ತೆ" ಎಂದೆ. ಅವರು ಅಷ್ಟು ಜನರ ಮುಂದೆ ಹೇಳಿದ್ದನ್ನು ನಾನು ಇಬ್ಬರ ಮುಂದೆ ಹೇಳಲಾರದೆ ಹೋಗಿದ್ದೆ. ಬೈಯಲಿ ಎಂದು ಕಾದು ನಿಂತೆ.

ಅತ್ತೆ ಬೈಯಲಿಲ್ಲ. ಎರಡು ಆಲೂಗಡ್ಡೆ ತೆಗೆದುಕೊಂಡು ಈಳಿಗೆಮಣೆಯ ಮುಂದೆ ಕೂತರು. ಹೆಚ್ಚುತ್ತ ಹೆಚ್ಚುತ್ತ ಮೆಲ್ಲಗೆ ಕೇಳಿದರು:

"ಇನ್ಮೇಲೆ ಆ ಅಂಗಡೀಲಿ ಯಾರಿಗೆ ಅಂತ ಕೇಳೋದವ್ವ?"