ಜ್ವರ ಬಿಟ್ಟಿತ್ತು, ಮಲೇರಿಯಾ ಬಿಟ್ಟಿರಲಿಲ್ಲ

ಮಗಳಿಗೆ ಮಲೇರಿಯಾ ಬಂದು, ಮಾತ್ರೆ ಶುರುಮಾಡಿದ ಮೂರನೆಯ ದಿನಕ್ಕೇ ಜ್ವರ ಬಿಟ್ಟಾಗ ಕ್ಷೌರಿಕನಿಗೆ ಹೋದ ಜೀವ ಬಂದಂತಾಯಿತು. ಮಾತ್ರೆ ಮಾತ್ರ ಹದಿನಾಲ್ಕು ದಿನ ನುಂಗಬೇಕಿತ್ತು. ಹೊಟ್ಟೆ ತೊಳಸುತ್ತದೆ, ಮಾತ್ರೆ ಬೇಡ ಎಂದು ಹುಡುಗಿ ದಿನವೂ ಗೋಗರೆಯುತ್ತಿದ್ದಳು.

ಆಗಲೇ ಗಿರಾಕಿಯೊಬ್ಬ ಅವನಿಗೆ ಮೊಬೈಲ್‌ನಲ್ಲಿ ಒಂದು ಸುದ್ದಿ ಕಳಿಸಿದ. ಕಫ ಕರಗಿಸುವ ಔಷಧಿಯಿಂದ ಮಲೇರಿಯಾ ರೋಗಾಣು ಸಾಯುತ್ತದೆಂದು ಸಂಶೋಧಕರು ಹೇಳಿದ್ದಾರಂತೆ. ಕ್ಷೌರಿಕ ಓದಿದ್ದು ತಲೆಬರಹವನ್ನಷ್ಟೇ. ಮಾತ್ರೆ ಕೊಟ್ಟ ಆರೋಗ್ಯ ಕೇಂದ್ರದ ನರ್ಸಕ್ಕನನ್ನು ಒಂದು ಮಾತು ಕೇಳೋಣ ಎಂದಳು ಹೆಂಡತಿ. ಊರವರ ತಲೆಯೆಲ್ಲ ನನ್ನ ಕೈಯಲ್ಲಿದೆ, ನನ್ನ ತಲೆ ಕೆಡಿಸಬೇಡ ಎಂದು ನಕ್ಕು, ಅವನು ಕೆಮ್ಮಿನ ಸಿರಪ್ ತಂದ. ಉಳಿದ ಮಾತ್ರೆಗಳು ಅಟ್ಟ ಸೇರಿದವು.

ಐದು ವಾರ ಕಳೆದಿತ್ತು. ಹುಡುಗಿ ಶಾಲೆಯಿಂದ ನಡುಗುತ್ತ ಬಂದಳು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ನೋಡನೋಡುತ್ತಲೇ ಜ್ವರ ಏರಿ, ಎದುರಿಗಿದ್ದ ಅಪ್ಪನನ್ನೇ ಯಾರೆಂದು ಕೇಳಿದಳು. ಅವನು ಮಗಳನ್ನು ಹೊತ್ತುಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ.

ರಕ್ತ ಪರೀಕ್ಷೆಯಲ್ಲಿ ಮತ್ತೆ ಮಲೇರಿಯಾ. ಮಾತ್ರೆ ಪೂರ್ತಿ ಕೊಟ್ಟಿರಾ ಎಂದು ನರ್ಸಕ್ಕ ಕೇಳಿದಾಗ ಅವನು ಮೊಬೈಲ್ ಮುಂದೆ ಚಾಚಿದ. ಅವಳು ಕೊನೆಯವರೆಗೂ ಓದಿದಳು.

"ಅಣ್ಣಾ, ಇದು ಗಾಜಿನ ತಟ್ಟೇಲಿ ರೋಗಾಣು ಬೆಳೆಸಿ ಮಾಡಿರೋ ಪರೀಕ್ಷೆ. ಮಲೇರಿಯಾಕ್ಕೆ ಅಂತ ಇದನ್ನ ಮನುಷ್ಯರಿಗೆ ಇನ್ನೂ ಕೊಟ್ಟು ನೋಡಿಲ್ಲ. ಹಾಗಂತ ಅವರೇ ಕೆಳಗೆ ಬರೆದಿದ್ದಾರೆ."

"ಜ್ವರ ಬಿಟ್ಟಿತ್ತಲ್ಲಕ್ಕಾ..."

"ಜ್ವರ ಬಿಟ್ಟಿತ್ತು, ರೋಗ ಬಿಟ್ಟಿರ್ಲಿಲ್ಲ. ಇವಳಿಗೆ ಬಂದಿರೋ ಮಲೇರಿಯಾ ಲಿವರ್‌ನಲ್ಲಿ ಅಡಗಿ ಕೂತು ಮತ್ತೆ ಎದ್ದು ಬರುತ್ತೆ. ಅದನ್ನ ಅಲ್ಲಿಂದ ಓಡಿಸೋಕೇ ಹದಿನಾಲ್ಕು ದಿನದ ಮಾತ್ರೆ."

ಒಂದೊಂದು ಚಮಚ ಸಿರಪ್ಪನ್ನೂ ಜಾಣೆ ಮರಿ ಎಂದು ಮುದ್ದಿಸಿ ಅವನೇ ಕುಡಿಸಿದ್ದ. ಹಿಂದೆಯೇ ಓಡಿಬಂದಿದ್ದ ಹೆಂಡತಿ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕತೊಡಗಿದಳು. ಅವಳು ಬೈದಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನಿಸಿತು.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮಗಳು ಚೇತರಿಸಿಕೊಂಡಳು. ಈ ಸಲ ನರ್ಸಕ್ಕ ಹೇಳಿದಂತೆ ಊಟವಾದ ಮೇಲೆ ಮಾತ್ರೆ ಕೊಟ್ಟ. ಹೊಟ್ಟೆ ಅಷ್ಟಾಗಿ ತೊಳಸಲಿಲ್ಲ. ಹದಿನಾಲ್ಕನೆಯ ದಿನದ ಮಾತ್ರೆ ಗಂಟಲು ಇಳಿಯುವವರೆಗೂ ಎದುರಿಗೇ ಕೂತಿದ್ದ. ಸುದ್ದಿ ಕಳಿಸಿದ್ದ ಗಿರಾಕಿಗೂ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ.

ನಿಮ್ಮ ಮೊಬೈಲಿಗೂ ನಾಳೆ ಇಂಥದೊಂದು ಸುದ್ದಿ ಬರಬಹುದು. ಸಂಶೋಧನೆ ನಡೆಯಲಿ, ಒಳ್ಳೆಯದೇ. ಅದು ಔಷಧಿಯಾಗಿ ನಿಮ್ಮ ವೈದ್ಯರ ಕೈ ಸೇರುವವರೆಗೆ ಮಕ್ಕಳ ಮೇಲೆ ಪ್ರಯೋಗ ಬೇಡ. ಜ್ವರ ಬಿಟ್ಟರೂ ಮಾತ್ರೆ ಬಿಡಬೇಡಿ. ಅನುಮಾನ ಬಂದರೆ ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ.