ನಕ್ಷೆಯಲ್ಲಿಲ್ಲದ ಮಗ್ಗ

ಬ್ಯಾಂಕಿನವರು ಮನೆ ನೋಡಲು ಬರುವ ದಿನ ಸ್ವಪ್ನ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಮಂಚದ ಚಾದರ ಎಳೆದು ಸರಿಮಾಡುವಳು, ಬಾಗಿಲಿಗೆ ಬಂದು ಓಣಿ ನೋಡುವಳು, ಒಳಗೆ ಹೋಗಿ ಮತ್ತೆ ಅದೇ ಚಾದರ ಎಳೆಯುವಳು. ಮಂಚದ ಕೆಳಗೆ ಹಲಗೆ, ಹಲಗೆಯ ಕೆಳಗೆ ಗುಂಡಿ. ನಿನ್ನೆಯವರೆಗೆ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವಳ ಗಂಡ ಓಬಳೇಶ ರೇಷ್ಮೆ ಸೀರೆ ನೇಯುತ್ತಿದ್ದ.

ಮೊಳಕಾಲ್ಮೂರಿನ ಆ ಓಣಿಯಲ್ಲಿ ಮನೆಯೆಂದರೆ ಮಗ್ಗದ ಸುತ್ತ ಉಳಿದ ಜಾಗ. ಮದುವೆಯಾಗಿ ಬಂದಾಗಿನಿಂದ ಗಂಡ ಹೆಂಡತಿ ಮಲಗುವುದು ಮಗ್ಗದ ಬಲಕ್ಕೆ, ಅತ್ತೆ ಸೂರಮ್ಮ ಎಡಕ್ಕೆ. ಸೀರೆ ಬದಲಿಸಬೇಕಾದರೆ ಬಚ್ಚಲಿಗೆ ಓಡಬೇಕು. ಗಂಡನ ಜೊತೆ ನೆಟ್ಟಗೆ ಜಗಳ ಆಡಬೇಕಾದರೆ ಗುಡ್ಡದ ಕಡೆ ಹೋಗಬೇಕು. ಅವಳಿಗೆ ಬೇಕಾದದ್ದು ಒಂದೇ ಒಂದು ಕೋಣೆ, ಅದಕ್ಕೊಂದು ಬಾಗಿಲು. ಈ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಲು ಸಾಲಕ್ಕೆ ಅರ್ಜಿ ಹಾಕಿಸಿದವಳೂ ಅವಳೇ.

ಚಳ್ಳಕೆರೆಯಲ್ಲಿರುವ ಅಕ್ಕ ಜಗದಾಂಬ ಫೋನಿನಲ್ಲಿ ಹೆದರಿಸಿದ್ದಳು. “ನಮ್ಮನೆಗೆ ಬಂದ ಬ್ಯಾಂಕಿನೋರು ಮುಂದ್ಗಡೆ ರೊಟ್ಟಿ ಅಂಗಡಿ ಕಂಡು, ಇದು ಮನೆ ಅಲ್ಲ ಅಂಗಡಿ ಅಂತ ಬರ್ಕೊಂಡು ಹೋದ್ರು ಕಣೆ, ಸಾಲಾನೇ ಸಿಗ್ಲಿಲ್ಲ. ಮಗ್ಗ ಕಂಡ್ರೆ ನಿಂದೂ ಅಷ್ಟೇ.”

ಹಾಗಾಗಿ ಮಗ್ಗ ಬಿಚ್ಚಿಸಿದಳು. ಓಬಳೇಶನೇ ಬಿಚ್ಚಿದ. ಅರ್ಧ ನೇಯ್ದ ಸೀರೆಯನ್ನು ಹಾಸಿನ ಉದ್ದದ ಎಳೆಗಳ ಸಮೇತ ಸುತ್ತಿ, ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ ಪಕ್ಕದ ದುರುಗಕ್ಕನ ಮನೆಯಲ್ಲಿ, ಮಗ್ಗದ ಮರಗಳ ಜೊತೆ ಇಟ್ಟು ಬಂದ. ಸೂರಮ್ಮ ಗೊಣಗಿದಳು.

“ನನ್ನ ಗಂಡ ಸತ್ತ ದಿನಾನೂ ಮಗ್ಗದಿಂದ ಹಾಸು ಇಳಿಸಿರ್ಲಿಲ್ಲ. ಇವಳು ಬ್ಯಾಂಕಿನೋರು ಬರ್ತಾರೆ ಅಂತ ಇಳಿಸಿದ್ಲು.”

ಊಟದ ಹೊತ್ತಿಗೆ ಮುಂಚೆ ಬ್ಯಾಂಕಿನ ಕಾವ್ಯ ಸ್ಕೂಟರಿನಲ್ಲಿ ಬಂದಳು. ಚಿಕ್ಕ ವಯಸ್ಸು. ಹೆಲ್ಮೆಟ್ ತೆಗೆದು, ಕೊಟ್ಟ ಕುರ್ಚಿಯಲ್ಲಿ ಕೂತು ಸುತ್ತ ಕಣ್ಣಾಡಿಸಿದಳು.

“ಮನೆ ಚೊಕ್ಕಟವಾಗಿ ಇಟ್ಕೊಂಡಿದೀರಿ. ಮಗ್ಗ ಎಲ್ಲಿ?”

“ಯಾವ ಮಗ್ಗ ಮೇಡಂ?”

“ಸ್ವಂತ ಮಗ್ಗದಲ್ಲಿ ನೇಕಾರಿಕೆ ಅಂತ ಅರ್ಜಿಯಲ್ಲಿ ಐತಲ್ಲ.”

ಸ್ವಪ್ನ ಗಂಡನ ಕಡೆ ತಿರುಗಿದಳು; ಅರ್ಜಿ ತುಂಬಿದವನು ಅವನು. “ಅದು… ಬೇರೆಯೋರ ಮನೇಲಿ ನೇಯ್ತಾರೆ.”

“ಹಂಗಾದ್ರೆ ಅದು ಕೂಲಿ ಆಯ್ತು. ಕೂಲಿ ಮೇಲೆ ಇಷ್ಟು ಸಾಲ ಹುಟ್ಟಲ್ಲ ಅಕ್ಕ. ಮನೇಲಿ ಮಗ್ಗ ಓಡ್ತಿದ್ರೆ ಅದೇ ನಿಮ್ಮ ಆದಾಯ. ನಾನು ಬಂದಿದ್ದೇ ಅದನ್ನ ನೋಡೋಕೆ.”

ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಸೂರಮ್ಮ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ದೂಡಿ, “ತಂಗೀ, ನಾನು ಕೂತಿರೋದೇ ಅದ್ರ ಮೇಲೆ,” ಎಂದಳು.

ಮಂಚ ಸರಿಸಿದರು, ಹಲಗೆ ಎತ್ತಿದರು. ಕಾಲು ಉಜ್ಜಿ ಉಜ್ಜಿ ಅಂಚು ನುಣುಪಾಗಿದ್ದ ಗುಂಡಿಯನ್ನು ಕಾವ್ಯ ಬಗ್ಗಿ ನೋಡಿದಳು. ಸ್ವಪ್ನ ತನ್ನ ಅಕ್ಕನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ಅವರದ್ದು ಏನಾಗಿತ್ತೋ ನನಗೆ ಗೊತ್ತಿಲ್ಲ. ನನ್ಮುಂದೆ ಸುಳ್ಳು ಹೇಳಿದ್ರಿ, ಅದು ಗೊತ್ತಾಯ್ತು,” ಎಂದು ಕಾವ್ಯ ಹೊಸ ಮನೆಯ ನಕ್ಷೆ ಬಿಚ್ಚಿದಳು. “ಹಾಲ್, ಅಡಿಗೆಮನೆ, ಕೋಣೆ. ಇದ್ರಲ್ಲೂ ಮಗ್ಗ ಇಲ್ಲ. ಸಾಲ ತೀರಿಸೋದೇ ಅದು. ಅದಕ್ಕೇ ಜಾಗ ಇಲ್ಲ ಅಂದ್ರೆ ನಾನೇನಂತ ಬರೀಲಿ? ಕೋಣೇನ ಮಗ್ಗಕ್ಕೆ ಬಿಟ್ಟುಬಿಡ್ರಿ, ಸರಿಹೋಗುತ್ತೆ.”

“ಆಗ್ಲಿ ಬಿಡ್ರಿ,” ಎಂದ ಓಬಳೇಶ.

ಎಷ್ಟು ಸಲೀಸಾಗಿ ಅಂದ. ಸ್ವಪ್ನಳಿಗೆ ಮೈಯೆಲ್ಲ ಉರಿಯಿತು. “ಆಗಲ್ಲ,” ಎಂದಳು. “ಮಗ್ಗ ಹಾಲ್‌ನಲ್ಲಿ ಇರ್ಲಿ.”

“ಬಂದೋರು ಎಲ್ಲಿ ಕೂರ್ತಾರೆ?”

“ಈಗ ನೀವು ಎಲ್ಲಿ ಕೂತಿದೀರಿ ಮೇಡಂ?”

ಕಾವ್ಯಳಿಗೆ ನಗು ತಡೆಯಲಾಗಲಿಲ್ಲ. ಓಬಳೇಶ ನಕ್ಷೆಯ ಮೇಲೆ ಬೆರಳಿಟ್ಟ. “ಹಾಸು ಉದ್ದಕ್ಕೆ ಹರಡೋಕೆ ಈ ಹಾಲ್ ಸಾಲದು. ಇನ್ನೆರಡು ಮೊಳ ಬೇಕು.”

“ಕೋಣೆ ಗೋಡೆ ಒಳಕ್ಕೆ ತಳ್ಳು,” ಎಂದಳು ಸ್ವಪ್ನ.

“ಆಮೇಲೆ ಕೋಣೇಲಿ ಮಂಚ ಬಿಟ್ರೆ ಏನೂ ಹಿಡಿಯಲ್ಲ. ಬಾಗಿಲು ಮಂಚಕ್ಕೆ ಬಡೀತೈತೆ.”

“ಹೊರಕ್ಕೆ ತೆಗಿಯೋ ಹಂಗೆ ಇಡ್ಸಿದ್ರೆ?”

“ಮಗ್ಗಕ್ಕೆ ಬಡೀತೈತೆ. ಅರ್ಧಾನೇ ತೆರ್ಕೊಳ್ಳೋದು.”

“ಅರ್ಧ ತೆರ್ಕೊಂಡ್ರೆ ಸಾಕು. ನಾನೇನು ಆನೆ ಅಲ್ಲ.”

ಕಾವ್ಯ ಪೆನ್ಸಿಲಿನಲ್ಲಿ ಗೋಡೆಯನ್ನು ಒಳಕ್ಕೆ ಎಳೆದು ಗೀಟು ಹಾಕಿದಳು. “ಇಂಜಿನಿಯರ್ ಹತ್ರ ಹಿಂಗೆ ಬರೆಸಿಕೊಂಡು ಬರ್ರಿ. ಸಾಲ ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಈಗ ರಾಂಪುರಕ್ಕೆ ಹೋಗ್ಬೇಕು. ಸಂಜೆ ವಾಪಸ್ ಬರ್ತೀನಿ, ಮಗ್ಗ ಓಡ್ತಿರ್ಬೇಕು. ಫೋಟೋ ಬೇಕು ನನಗೆ.”

ಸ್ಕೂಟರಿನ ಸದ್ದು ಓಣಿ ದಾಟುವ ಮೊದಲೇ ಓಬಳೇಶ ದುರುಗಕ್ಕನ ಮನೆಗೆ ಓಡಿದ. ಮರಗಳನ್ನು ತಂದು ಮಗ್ಗ ನಿಲ್ಲಿಸಿ, ಹಾಸು ತಂದ. ಬಿಚ್ಚಿ ನೋಡಿದರೆ ಎಳೆಗಳೆಲ್ಲ ಸಡಿಲಾಗಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಯ್ಯುತ್ತಾನೇನೋ ಎಂದು ಸ್ವಪ್ನ ಕಾದಳು. ಅವನು ಬಯ್ಯಲಿಲ್ಲ. ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಗುಂಡಿಗಿಳಿದ.

“ಬಿಗಿಯಾಗಿ ಹಿಡಿ.”

“ಕೋಣೆ ಬಾಗಿಲಿಗೆ ಚಿಲಕ ಒಳಗಡೆಯಿಂದ ಇರ್ಬೇಕು,” ಎಂದಳು ಸ್ವಪ್ನ, ಎಳೆಗಳನ್ನು ಎದೆಗೆ ಎಳೆದುಕೊಂಡು. “ಅದನ್ನೂ ಬರೆಸ್ಬೇಕು.”